ಉಡಿದಾರದ ಅಳತೆ

ಇಂದು ಬೆಳಿಗ್ಗೆ ಸ್ನಾನ ಮುಗಿಸಿ ಧೋತರ ಉಡುವಾಗ ಉಡಿದಾರ ಸೊಂಟಕ್ಕೆ ತುಸು ಕಚ್ಚಿದಂತಾಯಿತು ನೋಡಿ, ಆ ಕ್ಷಣಕ್ಕೆ ಮಾನ್ವಿಯ ನನ್ನ ಸೋದರಮಾವ ನೆನಪಾದ.

ಎಪ್ಪತ್ತರ ದಶಕದಲ್ಲಿ ಅಲ್ಲಿ ಶಾಲಾ ಮಾಸ್ತರನಾಗಿದ್ದ ಮಾವನಿಗೆ ಯಕೃತ್ತು, ಪಿತ್ತಕೋಶ, ಮೂತ್ರಪಿಂಡಗಳನ್ನು ಬಿಡಿಬಿಡಿಯಾಗಿ ನೋಡುವುದೇ ಸೇರುತ್ತಿರಲಿಲ್ಲ. ಹೊಟ್ಟೆಯೊಳಗಿನವರೆಲ್ಲ ಒಂದೇ ಒಲೆಯ ಅಡುಗೆ ಉಣ್ಣುವ ಕೂಡುಕುಟುಂಬದವರು, ಅವರಲ್ಲಿ ಯಾರೊಬ್ಬರು ಮುನಿದರೂ ಮೊದಲು ಬಿಗಿಯಾಗುವುದು ಉಡಿದಾರವೇ ಎಂಬುದು ಅವನ ಸಿದ್ಧಾಂತ. ಮದುವೆಯಾದಂದಿನಿಂದ ತನ್ನ ದಾರದ ಅಳತೆ ಒಂದು ಬೆರಳೂ ಬದಲಾಗಿಲ್ಲವೆಂದು ಬೀಗುತ್ತ, ಸಂಜೆಯಾದರೆ ಮಂಡಾಳ ಒಗ್ಗರಣೆಗೆ, ಅಂದರೆ ಒಗ್ಗರಣೆ ಹಾಕಿದ ಮಂಡಕ್ಕಿಗೆ, ಎಣ್ಣೆಯಲ್ಲಿ ಕರಿದ ಮಿರ್ಚಿಯ ಮೇಲೆ ಮಿರ್ಚಿ ನಂಜಿಕೊಂಡು ನಿಶ್ಚಿಂತನಾಗಿರುತ್ತಿದ್ದ. ಆದರೆ ಹಬ್ಬಕ್ಕೊಮ್ಮೆ ಹಳೆಯ ದಾರದ ಅಳತೆ ನೋಡಿ ಹೊಸದಕ್ಕೆ ಗಂಟು ಹಾಕಿ ಕೊಡುತ್ತಿದ್ದವಳು ಅತ್ತೆ. ಗಂಡನ ಮುಖ ಸಣ್ಣದಾಗಬಾರದೆಂಬ ಪ್ರೀತಿಗೆ ಅವಳು ಪ್ರತಿ ಸಲವೂ ಸದ್ದಿಲ್ಲದೆ ಒಂದಿಷ್ಟು ಉದ್ದ ಬಿಡುತ್ತಿದ್ದಳು.

ಒಂದು ವರ್ಷ ಮಾವನ ಬಲಪಕ್ಕೆ ನೋಯತೊಡಗಿತು. ಅತ್ತೆ ಹಠ ಹಿಡಿದು ರಾಯಚೂರಿಗೆ ಕರೆದೊಯ್ದಳು. ಯಕೃತ್ತು ಊದಿದೆ, ಕರಿದದ್ದು ಬಿಟ್ಟು ನಡೆದಾಡದಿದ್ದರೆ ಜೀವಕ್ಕೇ ಸಂಚಕಾರ ಎಂದರು ಡಾಕ್ಟರು. ಮಾವ ಅಂಗಿ ಎತ್ತಿ ಸಾಕ್ಷಿ ತೋರಿಸಿದ.

"ದಾರ ಬಿಗಿ ಆಗಿಲ್ರಿ ಸಾಹೇಬ್ರ, ಒಳಗಿಂದು ಹ್ಯಾಂಗ ಊದತದ?"

ಪಕ್ಕದಲ್ಲಿದ್ದ ಅತ್ತೆ ಸೆರಗು ಸರಿಮಾಡುವ ನೆಪದಲ್ಲಿ ಮುಖ ತಗ್ಗಿಸಿದಳು. ನಿಜ ಹೇಳಿದರೆ ಗಂಡನ ಮಾನ ಹೋಗುತ್ತದೆ, ಹೇಳದಿದ್ದರೆ ಗಂಡನೇ ಹೋಗುತ್ತಾನೆ. ಊರಿಗೆ ಮರಳಿದವಳೇ ಹೊಸ ದಾರ ತಂದು, ಗಂಟನ್ನು ಒಳಕ್ಕೆ ಜಗ್ಗಿ ಕೊಟ್ಟಳು.

"ಯಾಕ, ಬಿಗಿ ಆಗ್ಯದಲ್ಲ?"

"ಅಳತಿ ಹಳೇದಾ ಅದರಿ. ಒಳಗಿನವರ‍್ಯಾರೋ ಮುನಿದಿರಬೇಕು ನೋಡ್ರಿ," ಎಂದು ಅವನ ಸಿದ್ಧಾಂತವನ್ನು ಅವನಿಗೇ ಬಡಿಸಿದಳು.

ಡಾಕ್ಟರನ್ನು ನಂಬದ ಮಾವ ದಾರವನ್ನು ನಂಬಿದ. ಮಿರ್ಚಿ ಹೋಗಿ ಮಜ್ಜಿಗೆ ಬಂತು, ಸೈಕಲ್ಲು ಗೋಡೆಗೊರಗಿತು, ಮಾಸ್ತರರು ಶಾಲೆಗೆ ನಡೆದೇ ಹೋಗತೊಡಗಿದರು. ಅವನು ಕರಗಿದಷ್ಟೂ ಅತ್ತೆ ಗಂಟು ಜಗ್ಗಿದಳು. ನೋವು ಮಾಯವಾಯಿತು, ಡಾಕ್ಟರು ಅದನ್ನು ತಮ್ಮ ಗುಳಿಗೆಯ ಪ್ರತಾಪವೆಂದು ಭಾವಿಸಿದರು.

ಮುಂದೊಂದು ದೀಪಾವಳಿಗೆ ನಾನೂ ಅಲ್ಲಿದ್ದೆ. ದೇವದುರ್ಗದ ಮಗಳ ಮನೆಗೆ ಹೊರಟಿದ್ದ ಮಾವ, ಹೊಸ ದಾರ ಹಿಡಿದು ಕೂತಿದ್ದ ಅತ್ತೆಗೆ ಗಂಭೀರವಾಗಿ ಹೇಳಿದ:

"ಎರಡು ಬೆರಳು ಸಡ್ಲ ಬಿಡು. ಮಗಳು ಹೋಳಿಗಿ ಮಾಡ್ಯಾಳಂತ. ಮದ್ಲೆಲ್ಲಾ ಬಿಡ್ತಿದ್ದಿಯಲ್ಲ, ಹಂಗ."

ಅತ್ತೆ ದಾರ ಕೆಳಗಿಟ್ಟಳು. "ಯಾವಾಗ ಗೊತ್ತಾತ್ರಿ?"

"ದವಾಖಾನ್ಯಾಗ ನಿನ್ನ ಮಾರಿ ನೋಡಿದಾಗನ."

ಇಬ್ಬರೂ ನಕ್ಕರು, ಅತ್ತೆ ನಗುತ್ತಲೇ ಕಣ್ಣೊರೆಸಿಕೊಂಡಳು. ಆ ಕೂಡುಕುಟುಂಬ ಬರೀ ಮಾವನ ಹೊಟ್ಟೆಯೊಳಗೆ ಮುಗಿದಿರಲಿಲ್ಲ, ಹೊರಗೆ ಕೂತು ಗಂಟು ಹಾಕುವವಳೂ ಅದರಲ್ಲಿ ಸೇರಿದ್ದಳು ಎಂದು ನನಗೆ ಈಗಲೂ ಅನ್ನಿಸುತ್ತದೆ. ಅಂಥವರೊಬ್ಬರಿರುವುದು ದೊಡ್ಡ ಭಾಗ್ಯ.

ಅಂದಹಾಗೆ, ಈ ಕತೆಯನ್ನು ನನ್ನ ಹೆಂಡತಿಗೆ ಹೇಳಿದವನು ನಾನೇ. ಕಳೆದ ಹಬ್ಬಕ್ಕೆ ನನ್ನ ಉಡಿದಾರಕ್ಕೆ ಗಂಟು ಹಾಕಿದವಳು ಅವಳು. ಅಡುಗೆಮನೆಯತ್ತ ಇಣುಕಿದೆ, ರೊಟ್ಟಿ ತಟ್ಟುತ್ತಿದ್ದವಳು ತಲೆ ಎತ್ತಲಿಲ್ಲ. ಅಳತೆಯ ಮಾತೆತ್ತದೆ, "ನನಗ ಇವತ್ತು ಎರಡಾ ರೊಟ್ಟಿ ಸಾಕು," ಎಂದೆ.