ಮುನಿಯಮ್ಮನ ಮೊಳ

ರಾಬರ್ಟ್‌ಸನ್‌ಪೇಟೆಯ ಹೂವಿನ ಸಾಲಿನಲ್ಲಿ ಕೂರುತ್ತಿದ್ದ ಮುನಿಯಮ್ಮ ಅಳತೆಯಲ್ಲಿ ಮೋಸ ಮಾಡುತ್ತಿದ್ದರು ಎಂದು ನೀವು ಯಾರಾದರೂ ಈಗಲೂ ನಂಬಿದ್ದರೆ, ಹಾಗೆ ನಂಬಿಸಿದವನು ನಾನು. ಅವರು ಮೋಸ ಮಾಡಿರಲಿಲ್ಲ. ಅದು ನನಗೆ ಅವತ್ತೇ ಗೊತ್ತಿತ್ತು — ಇಡೀ ಪೇಟೆಯಲ್ಲಿ ನನ್ನಷ್ಟು ಖಚಿತವಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಹನ್ನೊಂದು ವರ್ಷ ಕಳೆದೆ.

ನಾನು ಗದಗಿನ ಕಡೆಯವನು. ಇಲ್ಲಿನ ಕಾರ್ಖಾನೆಯೊಂದರಲ್ಲಿ ಇನ್‌ಸ್ಪೆಕ್ಷನ್ ಕೆಲಸ. ತಯಾರಾಗಿ ಬಂದ ಭಾಗಗಳ ಅಳತೆ ನೋಡಿ, ಸರಿಯಿದ್ದರೆ ಮುದ್ರೆ ಒತ್ತುವುದು. ವಾರವಿಡೀ ಕಬ್ಬಿಣ ನೋಡಿದ ಕಣ್ಣಿಗೆ ಭಾನುವಾರ ಮನುಷ್ಯರು ಬೇಕೆನಿಸುತ್ತಿತ್ತು. ಬೆಳಿಗ್ಗೆಯೇ ಕ್ಯಾಮೆರಾ ಹೆಗಲಿಗೇರಿಸಿ ಪೇಟೆಗೆ ಹೊರಟುಬಿಡುತ್ತಿದ್ದೆ. ಒಂದೇ ಚೌಕಾಸಿಯನ್ನು ತಮಿಳಿನಲ್ಲಿ ಶುರು ಮಾಡಿ, ತೆಲುಗಿನಲ್ಲಿ ಜಗಳವಾಡಿ, ಕನ್ನಡದಲ್ಲಿ ರಾಜಿಯಾಗುವ ಜನ! ಸೊಪ್ಪಿನ ಮೇಲೆ ನೀರು ಚಿಮುಕಿಸುವ ಕೈಗಳು, ಚೀಲದ ಬಾಯಿ ಬಿಚ್ಚಿದೊಡನೆ ಏಳುವ ಮೆಣಸಿನಕಾಯಿ ಘಾಟು... ನನಗೆ ಎಲ್ಲವೂ ಸೋಜಿಗ. ಏನು ತೆಗೆಯಲಿ, ಏನು ಬಿಡಲಿ ಎಂದು ತಿಳಿಯದೆ ಎಷ್ಟೋ ಸಲ ಸುಮ್ಮನೆ ನಿಂತುಬಿಡುತ್ತಿದ್ದೆ.

ಆದರೆ ಎಲ್ಲಿ ಸುತ್ತಿದರೂ ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಮುನಿಯಮ್ಮನ ಮುಂದೆ. ಬಂಗಾರಪೇಟೆ ಪಕ್ಕದ ಹಳ್ಳಿಯವರು, ಅರವತ್ತರ ಹತ್ತಿರದ ವಯಸ್ಸು. ಸ್ವಂತ ಹೊಲದ ಕನಕಾಂಬರ, ಕಾಕಡ ಕಿತ್ತು, ಬುಟ್ಟಿ ಹೊತ್ತು, ಬೆಳಗಿನ ರೈಲಿಗೆ ಬರುತ್ತಿದ್ದರು. ಕೂತಲ್ಲೇ ಹೂ ಕಟ್ಟುತ್ತಿದ್ದರು. ಅಬ್ಬಾ, ಆ ಕೈ! ಕಣ್ಣು ರಸ್ತೆಯ ಮೇಲೆ, ಬಾಯಿ ಪಕ್ಕದವಳ ಜೊತೆ, ಬೆರಳು ಮಾತ್ರ ತನ್ನ ಪಾಡಿಗೆ ದಾರ ಸುತ್ತಿ ಗಂಟು ಬಿಗಿಯುತ್ತಿತ್ತು. ಹೂವಿನ ಒಂದು ಎಸಳೂ ನಲುಗುತ್ತಿರಲಿಲ್ಲ.

"ಏನಪ್ಪಾ, ವಾರವಾರ ಬಂದು ನನ್ ಕೈನೇ ತೆಗೀತೀಯ? ಮೊಕ ಸಂದಾಗಿಲ್ವಾ ನಂದು?" ಎಂದು ರೇಗಿಸುತ್ತಿದ್ದರು.

ಮೊಳವೆಂದರೆ ಮೊಣಕೈಯಿಂದ ನಡುಬೆರಳಿನ ತುದಿಯವರೆಗೆ. ಅದು ಎಲ್ಲರಿಗೂ ಗೊತ್ತು. ಮುನಿಯಮ್ಮನ ಎಡಗೈಯ ನಡುಬೆರಳು, ಉಂಗುರದ ಬೆರಳು ಎರಡೂ ಒಳಕ್ಕೆ ಮಡಚಿಕೊಂಡಿದ್ದವು. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಯಂತ್ರಕ್ಕೆ ಕೈ ಸಿಕ್ಕಿ ನರ ಹೋಗಿತ್ತಂತೆ. ಹಾಗಾಗಿ ಅವರ ಮೊಳ ಗೆಣ್ಣಿಗೇ ಮುಗಿಯುತ್ತಿತ್ತು. ಆದರೆ ಅಲ್ಲಿಗೆ ಅವರು ಕತ್ತರಿಸುತ್ತಿರಲಿಲ್ಲ — ಗೆಣ್ಣಿಗೆ ಬಂದ ಮೇಲೆ ಬಲಗೈಯಿಂದ ಇನ್ನೂ ನಾಲ್ಕು ಬೆರಳಗಲ ಹೂ ಜಾರಿಸಿ, ಅದರ ಮೇಲೆ ಕೊಸರು ಬಿಟ್ಟು, ಆಮೇಲೆ ಬ್ಲೇಡು ಹಾಕುತ್ತಿದ್ದರು. ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ.

ನನ್ನ ಹಾಳು ಅಭ್ಯಾಸ ಬಿಡುತ್ತದೆಯೇ? ಮೂರು ಭಾನುವಾರ ಒಂದೊಂದು ಮೊಳ ತಂದು, ಹೆಂಡತಿ ಮುಡಿಯುವ ಮೊದಲು ಸ್ಟೀಲ್ ಟೇಪು ಹಿಡಿದು ಅಳೆದೆ. "ಹೂವಿಗೂ ಇನ್‌ಸ್ಪೆಕ್ಷನ್ ಏನ್ರೀ ನಿಮ್ದು!" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಮೂರು ಮೊಳಗಳ ನಡುವೆ ಒಂದು ಮೊಗ್ಗಿನ ಅಗಲವೂ ಹೆಚ್ಚುಕಮ್ಮಿ ಇರಲಿಲ್ಲ, ಮೂರೂ ನನ್ನ ಕೈಯ ಮೊಳಕ್ಕಿಂತ ಉದ್ದವಾಗಿದ್ದವು. ಲಕ್ಷಗಟ್ಟಲೆ ಬೆಲೆಯ ಯಂತ್ರಗಳ ನಡುವೆ ಕೆಲಸ ಮಾಡುವವನು ನಾನು. ಊನವಾದ ಆ ಕೈಗೆ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಆ ವರ್ಷ ಇಲ್ಲಿನ ಹವ್ಯಾಸಿ ಛಾಯಾಗ್ರಾಹಕರು ಸೇರಿ ಪೇಟೆಯ ಬದುಕಿನ ಬಗ್ಗೆ ಫೋಟೋ ಸ್ಪರ್ಧೆ ಇಟ್ಟರು. ಮುನಿಯಮ್ಮ ಮೊಳ ಹಾಕುವುದನ್ನು ನಾನು ಸಾಲಾಗಿ ಏಳು ಫ್ರೇಮ್ ತೆಗೆದಿದ್ದೆ. ಮೂರನೆಯದರಲ್ಲಿ ಬೆಳಕು ಅದ್ಭುತವಾಗಿ ಬಿದ್ದಿತ್ತು: ಮಡಚಿದ ಬೆರಳು, ಗೆಣ್ಣಿಗೆ ನಿಂತ ಹೂವು. ನಾಲ್ಕು ಬೆರಳು ಹೆಚ್ಚಿಗೆ ಜಾರಿಸಿದ್ದು ಆರನೆಯದರಲ್ಲಿತ್ತು, ಆದರೆ ಅದು ಅಲುಗಾಡಿ ಮಸುಕಾಗಿತ್ತು. ಮೂರನೆಯದನ್ನು 'ಮೊಳ' ಎಂದು ಹೆಸರಿಟ್ಟು ಕೊಟ್ಟೆ. ಇಲ್ಲಿಯವರೆಗೆ ನನ್ನದು ತಪ್ಪಲ್ಲವೇನೋ. ಮುಂದಿನದು —

ಬೆಂಗಳೂರಿನಿಂದ ಬಂದಿದ್ದ ತೀರ್ಪುಗಾರರು ಚಿತ್ರದ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಭುಜ ತಟ್ಟಿದರು. "ಭೇಷ್! ಬೆರಳು ಮಡಚಿ ಅಳತೆ ಕದಿಯೋ ಕ್ಷಣ ಹಿಡಿದುಬಿಟ್ಟಿದ್ದೀರಿ. ಎಷ್ಟು ದಿನ ಕಾದಿರಿ ಇದಕ್ಕೆ?"

ನಾನು ಹೇಳಬೇಕಾಗಿದ್ದುದು ಒಂದೇ ಮಾತು — ಇಲ್ಲ ಸಾರ್, ಆ ಬೆರಳು ಚಾಚುವುದಿಲ್ಲ. ಅದು ನಾಲಿಗೆಯ ತುದಿಗೆ ಬಂದಿತ್ತು, ಆಣೆಗೂ. ಆದರೆ ಸುತ್ತ ಜನ ಸೇರಿದ್ದರು, ಎಲ್ಲರ ಕಣ್ಣೂ ನನ್ನ ಮೇಲಿತ್ತು. ಜೀವಮಾನದಲ್ಲಿ ಮೊದಲ ಸಲ ಯಾರೋ ನನಗೆ ಭೇಷ್ ಎಂದಿದ್ದರು.

"ಎರಡು ತಿಂಗಳು ಸಾರ್," ಎಂದೆ.

ಮೊದಲ ಬಹುಮಾನ ಬಂತು. ಅವರೇ ಸೂಚಿಸಿದಂತೆ 'ಗಿಡ್ಡ ಮೊಳ' ಎಂದು ಹೆಸರು ಬದಲಿಸಿದೆ. ಗೆದ್ದ ಚಿತ್ರಗಳನ್ನು ಹೆಸರಿನ ಸಮೇತ ದೊಡ್ಡ ಫ್ಲೆಕ್ಸ್ ಮಾಡಿಸಿ ಮಾರುಕಟ್ಟೆಯ ಬಾಗಿಲಲ್ಲೇ ಕಟ್ಟಿದರು. ಮುನಿಯಮ್ಮನಿಗೆ ಓದು ಬರದು. "ನನ್ ಕೈನ ಬಸ್ಸಿನಷ್ಟು ದೊಡ್ದಾಗಿ ಆಕವ್ರೆ ನೋಡು!" ಎಂದು ಸಾಲಿನ ಹೆಂಗಸರಿಗೆಲ್ಲ ತೋರಿಸಿ ಹಿಗ್ಗಿದರು. ನನಗೆ ಆವತ್ತು ಒಂದು ಮೊಳ ಹೂ ಪುಕ್ಕಟೆ ಕೊಟ್ಟರು, ನಾನು ನಾಚಿಕೆಯಿಲ್ಲದೆ ತೆಗೆದುಕೊಂಡೆ.

ಆ ಹಿಗ್ಗು ಎರಡೇ ವಾರ. ಮೂರನೆಯ ಭಾನುವಾರ ಹೋದಾಗ ಒಬ್ಬಾಕೆ ತನ್ನ ಕೈಯನ್ನೇ ಮುಂದೆ ಚಾಚಿ ಕೂಗುತ್ತಿದ್ದಳು: "ನಿನ್ ಕೈ ಬ್ಯಾಡಕ್ಕಾ, ನನ್ ಕೈಯಾಗೆ ಅಳೆದು ಕೊಡು. ನಿನ್ ಮೊಳ ಎಂಥದ್ದು ಅಂತ ಆಚೆ ಬರೆದೇ ಆಕವ್ರಲ್ಲ!" ಮುನಿಯಮ್ಮ ಮೊದಲು ನಕ್ಕರು. ತಮಾಷೆ ಅಂದುಕೊಂಡರೋ ಏನೋ. ಆಮೇಲೆ ಅವಳ ಮುಖ ನೋಡಿದರು, ತಮ್ಮ ಬೆರಳು ನೋಡಿಕೊಂಡರು. ಅವಳ ಕೈಯಲ್ಲೇ ಅಳೆದು ಕೊಟ್ಟರು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಬಾಯಿ ಬಿಡಬಹುದಿತ್ತು, ಬಿಡಲಿಲ್ಲ. ಸೊಪ್ಪಿನ ಅಂಗಡಿಯ ಹಿಂದಿನಿಂದ ತಪ್ಪಿಸಿಕೊಂಡು ಮನೆಗೆ ಬಂದೆ. ತಿಂಗಳ ನಂತರ ಹೋದರೆ ಅವರ ಜಾಗದಲ್ಲಿ ಬೇರೆಯವರು ಕೂತಿದ್ದರು. ಎಲ್ಲಿಗೆ ಹೋದರೆಂದು ನಾನು ಯಾರನ್ನೂ ಕೇಳಲಿಲ್ಲ. ಕೇಳಲು ಹೆದರಿದೆ.

ಎರಡು ತಿಂಗಳ ಹಿಂದೆ ಬಂಗಾರಪೇಟೆ ಸ್ಟೇಷನ್ ಮುಂದೆ ಅವರು ಕಣ್ಣಿಗೆ ಬಿದ್ದರು. ಮುಪ್ಪಾಗಿದ್ದಾರೆ. ಮುಂದೆ ಬಿಡಿ ಹೂವಿನ ರಾಶಿ, ಪಕ್ಕದಲ್ಲಿ ಕರೆಂಟಿನ ತಕ್ಕಡಿ. "ಅಯ್ಯೋ, ಕ್ಯಾಮೆರಾದಪ್ಪಾ! ಬಾ ಬಾ, ಎಷ್ಟ್ ಕಾಲ ಆಯ್ತು!" ಎಂದು ಅವರೇ ಗುರುತಿಸಿ ಕರೆದರು. ಕಟ್ಟಿದ ಹೂ ಯಾಕಿಲ್ಲ ಎಂದು ಕೇಳಿದೆ, ಉತ್ತರ ಗೊತ್ತಿದ್ದೂ.

"ಕಟ್ಟೋದು ಬಿಟ್ಬುಟ್ಟೆ ಕಣಪ್ಪಾ. ಕಟ್ಟಿದ್ರೆ ಮೊಳ ಆಕ್ಬೇಕು, ಮೊಳ ಆಕಿದ್ರೆ ಮಾತು ಬತ್ತದೆ. ಈಗ ತಕ್ಕಡಿ ಯೋಳ್ತದೆ, ನಾನು ಸುಮ್ಕಿರ್ತೀನಿ."

 ಅಲ್ಲೇ ನೆಲಕ್ಕೆ ಕೂತು ಎಲ್ಲವನ್ನೂ ಹೇಳಿದೆ — ಚಿತ್ರದ ಹೆಸರು, ಆ ತೀರ್ಪುಗಾರರು ಕೇಳಿದ್ದು, ನಾನು ಹೇಳಿದ್ದು, ಟೇಪಿನಲ್ಲಿ ಅಳೆದದ್ದು.  ನಡುವೆ ಗಿರಾಕಿ ಬಂದರೆ ಅವರು ತೂಗಿ ಕೊಟ್ಟು ಮತ್ತೆ ನನ್ನ ಕಡೆ ತಿರುಗುತ್ತಿದ್ದರು. ಕ್ಷಮಿಸಿಬಿಡಿ ಅಮ್ಮಾ, ಎಂದೆ.

ಹೂವಿನ ರಾಶಿಗೆ ನೀರು ಚಿಮುಕಿಸಿ ಹೇಳಿದರು: "ನನ್ ಮೊಳ ಸರೀಗಿತ್ತು ಅಂತ ನಂಗೆ ಗೊತ್ತಿಲ್ವಾ? ನಂಗ್ಯಾಕೆ ಬಂದು ಯೋಳ್ತೀಯ? ಅಲ್ಲಿ ಓಗಿ ಯೋಳು."

ಬೈಯಲಿಲ್ಲ, ಅಳಲಿಲ್ಲ. ಕ್ಷಮಿಸಿದೆ ಎಂದೂ ಹೇಳಲಿಲ್ಲ. ಅದು ಸರಿಯೇ. ಆಗೆಲ್ಲ ನಾನು ಅವರ ಕೈ ನೋಡಿ ಬೆರಗಾದವನು. ಅವತ್ತು ಮುಖ ಎತ್ತಿ ಅವರನ್ನು ನೋಡಿದೆ. ಎಂಥ ಹೆಂಗಸು!

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬರೆದರೆ ಸಾಲದು, ಹೂ ಮಾರುವವರು, ಕೊಳ್ಳುವವರು ಎಷ್ಟು ಮಂದಿ ಇದನ್ನು ಓದುತ್ತಾರೆ? ಹೋದ ಭಾನುವಾರ ಆ ಸಾಲಿಗೆ ಹೋಗಿ, ಹಳಬಳಾದ ಹೂವಾಡಗಿತ್ತಿಯೊಬ್ಬಳ ಮುಂದೆ ನಿಂತು ಹೇಳಿದೆ. "ಅವತ್ತು ಬಾಯಿಗೆ ಏನ್ ಬಂದಿತ್ತು ನಿಂಗೆ?" ಎಂದು ಅವಳು ನಾಲ್ಕು ಜನ ತಿರುಗಿ ನೋಡುವಂತೆ ಉಗಿದಳು. ನಿಂತು ಕೇಳಿಸಿಕೊಂಡೆ. ಆಮೇಲೆ ಮುನಿಯಮ್ಮ ಕೂರುತ್ತಿದ್ದ ಜಾಗಕ್ಕೆ ಹೋದೆ. ಅಲ್ಲಿದ್ದವಳು ಚಿಕ್ಕ ವಯಸ್ಸಿನವಳು, ನನ್ನ ಮಾತಿಗೆ ತಲೆಬುಡ ತಿಳಿಯದೆ ಕಣ್ಣು ಬಿಟ್ಟಳು.

"ಮುನಿಯಮ್ಮನಾ? ಯಾರ್ ಸಾರ್ ಅದು?"