ತಾಯಿ ಬಂದ ಮನೆಯಲ್ಲಿ ಸೂಜಿ

ನನ್ನ ಬಾಯಿ ಸ್ವಲ್ಪ ಜೋರು. ಶಹಾಬಾದಿನಲ್ಲಿ ನಳದ ಮುಂದೆ ಕೊಡ ಇಟ್ಟು, ಸರದಿಗಾಗಿ ಜಗಳವಾಡುತ್ತಲೇ ಬೆಳೆದವಳು ನಾನು. ಆ ಬಾಯಿಂದಲೇ ಈ ಕೆಲಸ ಸಿಕ್ಕಿತು ಎಂದು ಮನೆಯವರು ಈಗಲೂ ಚೇಷ್ಟೆ ಮಾಡುತ್ತಾರೆ. ದವಾಖಾನೆಯಿಂದ ಮನೆಗೆ ಮರಳಿದ ಮಕ್ಕಳನ್ನು ಹಳ್ಳಿಗೆ ಹೋಗಿ ನೋಡುವುದು, ಔಷಧ ಸರಿಯಾಗಿ ನಡೆದಿದೆಯೇ ಎಂದು ವಿಚಾರಿಸುವುದು, ತಾಯಂದಿರಿಗೆ ಧೈರ್ಯ ಹೇಳುವುದು ನನ್ನ ಕೆಲಸ. ಅಜ್ಜಿಯರ ಜೊತೆ ವಾದ ಹೂಡುವುದು ಅದರಲ್ಲಿ ಬರೆದಿಲ್ಲ, ಆದರೆ ಅರ್ಧ ದಿನ ಅದಕ್ಕೇ ಹೋಗುತ್ತದೆ.

ವಾಡಿಯ ಕಡೆ ದಮ್ಮಿನ ಮಕ್ಕಳಿದ್ದಾರೆ. ಚಿತ್ತಾಪುರದ ಕಡೆ ಫಿಟ್ಸ್ ಬರುವವರಿದ್ದಾರೆ. ಚಿಂಚೋಳಿ ತಾಲೂಕಿನ ಐನಾಪುರದಲ್ಲಿ ಸಕ್ಕರೆ ಕಾಯಿಲೆಯ ಒಬ್ಬ ಹುಡುಗನಿದ್ದಾನೆ. ಸೇಡಂ ತಾಲೂಕಿನಲ್ಲಿ, ಆಡಕಿಯ ಆಚೆಗಿನ ಒಂದು ಊರಲ್ಲಿ, ಅದೇ ಕಾಯಿಲೆಯ ಒಬ್ಬ ಹುಡುಗಿಯಿದ್ದಳು. ನಾನು ಹೇಳಬೇಕಾದದ್ದು ಅವಳ ವಿಷಯ.

ಎರಡನೇ ತರಗತಿಯ ಹುಡುಗಿ, ಕಡ್ಡಿಯ ಹಾಗಿದ್ದಳು. ಮಕ್ಕಳಿಗೆ ಬರುವ ಈ ಸಕ್ಕರೆ ಕಾಯಿಲೆ ಮುದುಕರದಂತಲ್ಲ. ಮೈಯಲ್ಲಿ ಇನ್ಸುಲಿನ್ ಹುಟ್ಟುವುದೇ ನಿಂತಿರುತ್ತದೆ. ಊಟಕ್ಕೆ ಮುಂಚೆ ಸೂಜಿಯಿಂದ ಕೊಡಬೇಕು, ದಿನವೂ, ಬದುಕಿರುವ ತನಕ. ಒಂದೆರಡು ದಿನ ಬಿಟ್ಟರೆ ರಕ್ತ ಹುಳಿಯಾಗಿ, ಉಸಿರು ಭಾರವಾಗಿ, ಕೂಸು ಕೈಬಿಟ್ಟು ಹೋಗುತ್ತದೆ. ಇದನ್ನು ನಾನು ಮೊದಲ ದಿನವೇ ಆ ಮನೆಯ ಪಡಸಾಲೆಯಲ್ಲಿ ಕೂತು ಹೇಳಿದ್ದೆ.

ಹುಡುಗಿಯ ಅಜ್ಜಿ ಕೇಳಿಸಿಕೊಂಡು, ಸೊಸೆಯ ಕಡೆ ಗದ್ದ ತಿರುಗಿಸಿದಳು. "ಇಷ್ಟಗಲ ಕೂಸಿಗಿ ಸಕ್ಕರಿ ಬ್ಯಾನಿ ಹ್ಯಾಂಗ್ ಬರ್ತದ? ಇವರವ್ವ ಬಸರಿದ್ದಾಗ ಬೆಲ್ಲ ಭಾಳ ತಿಂದಾಳ."

ಸೊಸೆ ತಲೆ ತಗ್ಗಿಸಿದಳು. ನನಗೆ ತಡೆಯಲಾಗಲಿಲ್ಲ. "ನೀ ಎಷ್ಟು ಹೋಳಿಗಿ ತಿಂದೀಯೋ ಯಾರಿಗಿ ಗೊತ್ತು ಯವ್ವಾ. ನಿನ್ನ ಮಗ ನೋಡು, ಪರ್ಸಿ ಕಲ್ಲಿನಂಗ ಅದಾನ."

ಮಗ ಕಲ್ಲಿನ ಗಣಿಯಲ್ಲೇ ದುಡಿಯುತ್ತಿದ್ದ. ಮುದುಕಿ ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. "ಈಕಿ ಬಾಯಿ ನನಗಿಂತ ಭಾಳ ಅದ" ಎಂದು ಸೊಸೆಗೆ ಚಹಾ ಇಡಲು ಹೇಳಿದಳು. ಅಲ್ಲಿಂದ ನಮ್ಮ ಸ್ನೇಹ ಬೆಳೆಯಿತು.

ಇನ್ಸುಲಿನ್ ತಂಪಿನಲ್ಲಿರಬೇಕು. ಆ ಮನೆಯಲ್ಲಿ ಫ್ರಿಜ್ ಇರಲಿಲ್ಲ, ಇದ್ದರೂ ಕರೆಂಟಿನ ಭರವಸೆ ಇರಲಿಲ್ಲ. ದೊಡ್ಡ ಗಡಿಗೆಗೆ ಉಸುಕು ತುಂಬಿ, ನಡುವೆ ಚಿಕ್ಕದೊಂದು ಕುಡಿಕೆ ಹೂತು, ಅದರಲ್ಲಿ ಶೀಶೆ ಇಟ್ಟು, ಉಸುಕಿಗೆ ನೀರು ಚಿಮುಕಿಸುತ್ತಿರಬೇಕೆಂದು ತೋರಿಸಿಕೊಟ್ಟೆ. ಆ ಗಡಿಗೆಯ ಉಸ್ತುವಾರಿಯನ್ನು ಮುದುಕಿ ತಾನೇ ವಹಿಸಿಕೊಂಡಳು. ಬೆಳಿಗ್ಗೆ ಒಲೆ ಹೊತ್ತಿಸುವ ಮೊದಲು ಉಸುಕಿಗೆ ನೀರು. ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವಂತಿಲ್ಲ. "ಇದರಾಗ ನಮ್ಮ ಪೋರಿ ಜೀವ ಅದ" ಎನ್ನುತ್ತಿದ್ದಳು. ಸೊಸೆ ಸೂಜಿ ಹಾಕುವಾಗ ಮೊಮ್ಮಗಳ ಪಾದ ಹಿಡಿದು ಕೂತು, "ಇರಿವಿ ಕಚ್ಚಿತು, ಹೋತು" ಎಂದು ಸಮಾಧಾನ ಮಾಡುವವಳೂ ಅವಳೇ. ಓಣಿಯ ಯಾರೋ ಹುಡುಗಿಗೆ ಪೆಪ್ಪರ್‌ಮೆಂಟ್ ಕೊಟ್ಟದ್ದಕ್ಕೆ ಅವರ ಅಂಗಳಕ್ಕೇ ಹೋಗಿ ಬೈದು ಬಂದಿದ್ದಳು. ಇನ್ನೊಬ್ಬರು "ಊಟ ಬಲ್ಲವನಿಗೆ ರೋಗವಿಲ್ಲ" ಎಂದು ಕೊಂಕು ನುಡಿದರೆ, "ಮಾತು ಬಲ್ಲವನಿಗೆ ಜಗಳಿಲ್ಲ, ಅದನ್ನೂ ಹೇಳು" ಎಂದು ಬಾಯಿ ಮುಚ್ಚಿಸಿದ್ದಳು. ಗಾದೆಯ ಎರಡನೇ ಅರ್ಧ ನಮ್ಮಿಬ್ಬರಿಗೂ ಹೊಂದುವುದಿಲ್ಲವೆಂದು ನಾನು ನಕ್ಕಿದ್ದೆ.

ಮಳೆಗಾಲದಲ್ಲಿ ಹುಡುಗಿಗೆ ನೆಗಡಿ ಜ್ವರ ಬಂತು. ಜ್ವರವಿದ್ದರೂ, ಊಟ ಸೇರದಿದ್ದರೂ ಸೂಜಿ ಬಿಡಬಾರದು, ನನಗೆ ಫೋನ್ ಮಾಡಬೇಕು ಎಂದು ಹೇಳಿಟ್ಟಿದ್ದೆ. ಸೊಸೆ ಫೋನ್ ಮಾಡಿದಳು, ನಾನು ಡಾಕ್ಟರರನ್ನು ಕೇಳಿ ಹೇಳಿದಂತೆ ನಡೆದುಕೊಂಡಳು. ಕೂಸು ಎದ್ದು ಶಾಲೆಗೆ ಹೋಯಿತು. ಇನ್ನು ಈ ಮನೆಯ ಚಿಂತೆಯಿಲ್ಲ ಅಂದುಕೊಂಡೆ.

ಯುಗಾದಿ ಕಳೆದು ಬಿಸಿಲು ಏರತೊಡಗಿತ್ತು. ಬರುತ್ತೇನೆಂದು ತಿಳಿಸಲು ಸೇಡಂನಿಂದ ಫೋನ್ ಮಾಡಿದೆ. ಸೊಸೆ ಎತ್ತಿದಳು. ದನಿ ತೀರ ಸಣ್ಣದಾಗಿತ್ತು.

"ಅಕ್ಕೋರೇ, ಈಗ ಬರಬ್ಯಾಡ್ರಿ. ಮನ್ಯಾಗ ತಾಯಿ ಬಂದಾಳ."

ಮೈತುಂಬ ನೀರುಗುಳ್ಳೆ ಏಳುವ ಕಾಯಿಲೆಗೆ ನಮ್ಮಲ್ಲಿ ಹಾಗನ್ನುತ್ತಾರೆ, ದೇವಿಯೇ ಮೈಗೆ ಬಂದಳೆಂದು. "ಸೂಜಿ ಹಾಕ್ಲಿಕತ್ತೀಯಲ್ಲ?"

"ಹ್ಯಾಂಗ್ ಹಾಕ್ಲಿರಿ? ಕೂಸಿನ ಮೈಯಾಗ ತಾಯಿ ಅದಾಳ. ಚುಚ್ಚಿದ್ರ ಆಕಿಗೇ ಚುಚ್ಚಿದಂಗ ಅಂತಾರ ನಮ್ಮತ್ತಿ. ಮೈಮ್ಯಾಲ ಕಾಣಿಸಿದಾಗಿಂದ ಬಿಟ್ಟೀವಿ."

"ಕೂಸು ಹ್ಯಾಂಗದ?"

"ತಾಯಿ ಒಂದೇ ಸವನ ನೀರು ಬೇಡ್ತಾಳ್ರಿ. ಬೆಲ್ಲದ ಪಾನಕ ಕೊಡ್ಲಿಕತ್ತೀವಿ."

ಆ ಮಾತು ಕೇಳಿ ನಾನು ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಸೂಜಿ ತಪ್ಪಿದ ಸಕ್ಕರೆ ಕಾಯಿಲೆಯಲ್ಲಿ ಮೊದಲು ಬರುವುದೇ ತಡೆಯಲಾರದ ನೀರಡಿಕೆ. ಅದು ಆ ಮನೆಯವರಿಗೆ ತಾಯಿಯ ನೀರಡಿಕೆಯಾಗಿ ಕಂಡಿತ್ತು. ಬಂದ ತಾಯಿಯನ್ನು ತಂಪು ಮಾಡಬೇಕೆಂದು ಭಕ್ತಿಯಿಂದ ಬೆಲ್ಲದ ನೀರು ಕುಡಿಸುತ್ತಿದ್ದರು. ಈಗಲೇ ಸೂಜಿ ಹಾಕು, ದವಾಖಾನೆಗೆ ಹೊರಡು ಎಂದೆ. ತಾಯಿಯನ್ನು ಹೊಸ್ತಿಲು ದಾಟಿಸಬಾರದಂತೆ ಎಂದು ಅವಳು ಅಳತೊಡಗಿದಳು. ಫೋನ್ ಕಡಿದುಹೋಯಿತು. ಮತ್ತೆ ಹತ್ತಲಿಲ್ಲ.

ಡಾಕ್ಟರರಿಗೆ ಹೇಳಿದೆ. ಎಂದಿನ ಸೂಜಿ ಹಾಕಿಸಿ, ಒಂದು ಗಳಿಗೆಯೂ ತಡ ಮಾಡದೆ ಕರೆತನ್ನಿ ಎಂದರು. ಆಂಬುಲೆನ್ಸಿಗೆ ಊರಿನ ಹೆಸರು ಹೇಳಿ, ನಾನು ಸಿಕ್ಕ ಆಟೋ ಹತ್ತಿದೆ. ದಾರಿಯುದ್ದಕ್ಕೂ ಮುದುಕಿಯನ್ನು ಮನಸ್ಸಿನಲ್ಲೇ ಬೈದೆ. ಊರು ಹತ್ತಿರವಾದಂತೆ ಬೈಯುವುದನ್ನು ಬಿಟ್ಟೆ. ಬೈದರೆ ಆ ಬಾಗಿಲು ತೆರೆಯದೆಂದು ನನಗೆ ಗೊತ್ತಿತ್ತು. ನನಗೆ ಚಿಕ್ಕಂದಿನಲ್ಲಿ ತಾಯಿ ಬಂದಾಗ ನಮ್ಮವ್ವನೂ ಬಾಗಿಲಿಗೆ ಬೇವು ಸಿಕ್ಕಿಸಿದ್ದಳು, ಒಗ್ಗರಣೆ ನಿಲ್ಲಿಸಿದ್ದಳು. ಪಕ್ಕದ ಮನೆಯ ಮುಸಲ್ಮಾನರ ಚಾಚಿ ಕೂಡ ಸ್ನಾನ ಮಾಡಿ, ತಮ್ಮ ಅಂಗಳದ ಬೇವಿನ ಟೊಂಗೆ ತಂದು ಹೊಸ್ತಿಲ ಹೊರಗೆ ನಿಂತು ಕೊಟ್ಟು ಹೋಗುತ್ತಿದ್ದಳು. ತಾಯಿ ಇರುವ ಮನೆಗೆ ಹೊರಗಿನವರು ಹಾಗೆಯೇ ನುಗ್ಗುವಂತಿಲ್ಲ.

ಊರ ಬಾಗಿಲಿನ ಕೈಪಂಪಿನಡಿ ಉಟ್ಟ ಸೀರೆಯಲ್ಲೇ ಕೂತು ತಲೆಯ ಮೇಲೆ ನೀರು ಸುರಿದುಕೊಂಡೆ. ತಾಯಿಗೆ ತಂಪಿನ ಎಡೆಯೆಂದು ಪಕ್ಕದ ಮನೆಯಿಂದ ಒಂದು ಬಟ್ಟಲು ಮೊಸರು ಬೇಡಿ ತಂದೆ. ತೊಟ್ಟಿಕ್ಕುವ ಸೀರೆಯಲ್ಲಿ ಬೇವು ಕಟ್ಟಿದ ಬಾಗಿಲ ಮುಂದೆ ನಿಂತಾಗ ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ನನ್ನ ಕಾಲಿಗೆ ನೀರು ಹಾಕಿ ದಾರಿ ಬಿಟ್ಟಳು.

ಹುಡುಗಿ ಬೇವಿನೆಲೆಯ ಮೇಲೆ ಹಾಸಿದ ಹಳೇ ಸೀರೆಯಲ್ಲಿ ಮಲಗಿದ್ದಳು. ತುಟಿ ಒಡೆದಿದ್ದವು. ಓಡಿ ಬಂದವರ ಹಾಗೆ ಎದೆ ಮೇಲೆ ಕೆಳಗೆ ಆಗುತ್ತಿತ್ತು. ಬಾಯಿಂದ ಕೊಳೆತ ಹಣ್ಣಿನ ವಾಸನೆ ಬರುತ್ತಿತ್ತು. "ನೋಡು, ತಾಯಿ ಹ್ಯಾಂಗ್ ಉಸರಾಡ್ಲಿಕತ್ತಾಳ" ಎಂದು ಮುದುಕಿ ಕೈಮುಗಿದಳು. ಸೊಸೆ ಮೂಲೆಯಲ್ಲಿ ಮೊಲೆಯುಣ್ಣುವ ಚಿಕ್ಕ ಕೂಸನ್ನು ಅವುಚಿಕೊಂಡು ಕೂತಿದ್ದಳು.

ನಾನು ಹುಡುಗಿಯ ಕಾಲಿಗೆ ಹಣೆ ಹಚ್ಚಿದೆ. ಗಟ್ಟಿಯಾಗಿಯೇ ಹೇಳಿದೆ. "ತಾಯಿ, ನೀ ಬಂದದ್ದು ಬಂದಿ, ನಿನಗ ತಂಪು ಮಾಡ್ತೀವಿ. ಈ ಕೂಸಿಗಿ ಮೊದಲಿಂದ ಇನ್ನೊಂದು ಬ್ಯಾನಿ ಅದ. ಅದರ ಔಷಧ ಕೊಡಲಿಕ್ಕ ಅಪ್ಪಣಿ ಕೊಡು. ಸೂಜಿ ನಿನಗ ನಟ್ಟರ ಆ ಪಾಪ ನನಗಿರಲಿ. ಈ ಮನಿಯವ್ರಿಗಿ ಬ್ಯಾಡ."

ಹುಡುಗಿಯ ಕಣ್ಣು ಅರೆ ತೆರೆದವು. ಕತ್ತು ಒಂದು ಕಡೆ ವಾಲಿತು. ಅದು ಶಕ್ತಿಯಿಲ್ಲದೆ ವಾಲಿದ್ದು ಎಂದು ನನಗೆ ಗೊತ್ತು. ಮುದುಕಿ ಅದನ್ನು ಅಪ್ಪಣೆ ಎಂದುಕೊಂಡಳು. ತಾನೇ ಎದ್ದುಹೋಗಿ ಗಡಿಗೆಯಿಂದ ಶೀಶೆ ತಂದುಕೊಟ್ಟಳು. ಉಸುಕು ಒದ್ದೆಯಾಗಿತ್ತು. ಸೂಜಿ ನಿಲ್ಲಿಸಿದ ಮೇಲೂ ಅವಳು ನೀರು ಹಾಕುವುದನ್ನು ಬಿಟ್ಟಿರಲಿಲ್ಲ.

ಸೊಸೆ ಸೂಜಿ ಹಾಕಿದಳು. ಮುದುಕಿ ಪಾದ ಹಿಡಿದು "ಇರಿವಿ ಕಚ್ಚಿತು" ಎಂದಳು. ಹುಡುಗಿಗೆ ಅದು ಕೇಳಿಸಲಿಲ್ಲ. ಅಷ್ಟರಲ್ಲಿ ಗಾಡಿ ಬಂತು. ತಾಯಿಯ ಅಪ್ಪಣೆಯಾಗಿದೆಯೆಂದು ಮುದುಕಿ ಹೊಸ್ತಿಲು ದಾಟಿಸಲು ಅಡ್ಡಿ ಮಾಡಲಿಲ್ಲ. ಸೇಡಂನಲ್ಲಿ ಸಲೈನ್ ಹಚ್ಚಿದರು, ಮಾಡುವುದನ್ನೆಲ್ಲ ಮಾಡಿದರು, ಕಲಬುರಗಿಗೆ ಒಯ್ಯಲು ಹೇಳಿದರು. ಮಳಖೇಡ ದಾಟುವಾಗ ಆ ಭಾರದ ಉಸಿರು ಹಗುರಾಗುತ್ತ ಬಂತು. ಸೊಸೆ ನನ್ನ ಮುಖ ನೋಡಿದಳು, ಕಡಿಮೆಯಾಯಿತೇ ಎನ್ನುವ ಹಾಗೆ. ಕಲಬುರಗಿಯ ದಾರಿಯಲ್ಲೇ ಹುಡುಗಿ ಹೋದಳು.

ಬಹಳ ದಿನ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆಂದು ತಿಳಿಯುತ್ತಿರಲಿಲ್ಲ. ಮುದುಕಿಯ ಮೇಲೆ ಇಡೋಣವೆಂದರೆ ಆ ಒದ್ದೆ ಉಸುಕು ನೆನಪಾಗುತ್ತಿತ್ತು.

ದಿನಕರ್ಮ ಮುಗಿದ ಮೇಲೆ ಆ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದ ಮುದುಕಿ ನನ್ನನ್ನು ಕಂಡು ಎದ್ದು ನಿಂತಳು.

"ಬಂದಿ? ತಾಯಿ ಮೈಗಿ ಸೂಜಿ ನಡಸಿದಿ. ಆಕಿ ಸಿಟ್ಟಾಗಿ ಹೊಂಟಳು, ಹೋಗೂವಾಗ ನನ್ನ ಪೋರಿನ್ನ ಕರ್ಕೊಂಡು ಹೋದಳು. ಪಾಪ ನನಗಿರಲಿ ಅಂದಿದ್ದಿಯಲ್ಲ, ತೊಗೋ!" ಎಂದು ಒಂದು ಹಿಡಿ ಮಣ್ಣು ತೂರಿದಳು. ನನ್ನ ಮನೆತನ, ನನ್ನ ಹೊಟ್ಟೆ, ನನ್ನ ನಾಲಿಗೆ, ಯಾವುದನ್ನೂ ಬಿಡಲಿಲ್ಲ. ಉತ್ತರ ನನ್ನ ಬಾಯಿಯಲ್ಲೇ ಇತ್ತು. ಒಂದೇ ಮಾತು ಸಾಕಿತ್ತು, ಅವಳು ಅಲ್ಲೇ ಕುಸಿಯುತ್ತಿದ್ದಳು. ಬಾಗಿಲಲ್ಲಿ ನಿಂತ ಸೊಸೆ ನನ್ನನ್ನೇ ನೋಡುತ್ತ, ಬೇಡವೆನ್ನುವಂತೆ ಸಣ್ಣಗೆ ತಲೆಯಾಡಿಸಿದಳು. ನಾನು ತಿರುಗಿ ಬಸ್ಸಿನ ದಾರಿ ಹಿಡಿದೆ.

ಸೊಸೆ ಹಿಂದಿನಿಂದ ಬಂದಳು. ಸೆರಗಿನಲ್ಲಿ ಒದ್ದೆ ಬಟ್ಟೆಯ ಗಂಟಿತ್ತು. ಬಿಚ್ಚಿ ತೋರಿಸಿದಳು: ಇನ್ಸುಲಿನ್ನಿನ ಹೊಸ ಶೀಶೆ.

"ಮುಚ್ಚಳ ತೆಗದಿಲ್ರಿ. ಉಸುಕು ಒಣಗಲಾರದಂಗ ನೋಡ್ಕೊಂಡೀನಿ. ಐನಾಪುರದಾಗ ಒಬ್ಬ ಹುಡುಗ ಅದಾನ ಅಂದಿದ್ರಲ್ಲ. ಅವಗ ಕೊಡ್ರಿ."

ತೆಗೆದುಕೊಂಡೆ. ಅವಳು ಹೋಗಲಿಲ್ಲ.

"ಅಕ್ಕೋರೇ, ಖರೇ ಹೇಳ್ರಿ. ನನ್ನ ಮಗಳು ಸೂಜಿ ಬಿಟ್ಟಿದ್ದಕ್ಕ ಹೋದಳೋ, ಹಾಕಿದ್ದಕ್ಕ ಹೋದಳೋ?"

ಹಣೆಬರಹ ಎಂದು ಬಿಡಬಹುದಿತ್ತು. ಹಾಗೆಂದರೆ ಅವಳ ಎದೆ ತುಸು ಹಗುರಾಗುತ್ತಿತ್ತು. ಆದರೆ ತೊಟ್ಟಿಲಲ್ಲಿ ಇನ್ನೊಂದು ಕೂಸಿತ್ತು. ಆ ಓಣಿಯಲ್ಲಿ ಇನ್ನೆಷ್ಟೋ ಮಕ್ಕಳಿದ್ದರು. ನಾಳೆ ಯಾವ ಮನೆಗೋ ತಾಯಿ ಬಂದಾಗ ದಮ್ಮಿನದೋ ಫಿಟ್ಸಿನದೋ ಔಷಧ ನಿಲ್ಲುತ್ತದೆ.

"ಬಿಟ್ಟಿದ್ದಕ್ಕ" ಎಂದೆ.

ಅವಳು ಅಳಲಿಲ್ಲ. "ನನಗೂ ಹಂಗೇ ಅನಿಸಿತ್ರಿ. ದಿನಾ ಹಾಕ್ತಿದ್ದಾಕಿ ನಾನೇ ಅಲ್ಲೇನ್ರಿ?" ಎಂದಳು. ನನ್ನ ಕೈ ಹಿಡಿದಳು. "ಓಣ್ಯಾಗಿನ ಮಂದಿಗಿ ನಾ ಹೇಳ್ತೀನಿ, ತಾಯಿ ಬಂದರೂ ಔಷಧ ಬಿಡಬ್ಯಾಡ್ರಿ ಅಂತ. ಆದ್ರ ನಮ್ಮತ್ತಿಗಿ ಮಾತ್ರ ನೀವು ಹೇಳಬ್ಯಾಡ್ರಿ. ಆಕಿ ನಿಮಗ ಬೈಕೋತ ರೊಟ್ಟಿ ತಿನ್ಲಿಕತ್ತಾಳ. ಖರೇ ತಿಳಿದ್ರ ಆಕಿ ಉಳಿಯಂಗಿಲ್ಲ."

ಐನಾಪುರದ ಹುಡುಗನಿಗೆ ಶೀಶೆ ಮುಟ್ಟಿಸಿದೆ. ಅದು ಯಾರ ಮನೆಯದೆಂದು ಅವನ ತಾಯಿಗೆ ಹೇಳಲಿಲ್ಲ. ಈಗ ಯಾವ ಮನೆಗೆ ಹೋದರೂ ಮೊದಲು ತಾಯಿ ಬಂದಾಗಿನ ಮಾತು ಹೇಳುತ್ತೇನೆ, ಆಮೇಲೆ ಊಟದ ಮಾತು. ಆಡಕಿಯ ಆಚೆಗಿನ ಆ ಓಣಿಯಲ್ಲಿ ಅದನ್ನು ನನಗಿಂತ ಮೊದಲು ಸೊಸೆಯೇ ಹೇಳಿರುತ್ತಾಳೆ, ಅತ್ತೆ ಹೊಲಕ್ಕೆ ಹೋದ ಹೊತ್ತು ನೋಡಿ.

ಆ ಊರಿಗೆ ಹೋದಾಗ ಅವರ ಮನೆಯ ಮುಂದೆಯೇ ದಾಟಬೇಕು. ಮುದುಕಿ ಕಟ್ಟೆಯಿಂದ ನನ್ನನ್ನು ಕಂಡು ಶುರು ಮಾಡುತ್ತಾಳೆ. ಯಾರ ಮಾತನ್ನೂ ಬಾಕಿ ಉಳಿಸಿಕೊಳ್ಳದ ನಾನು ಚೀಲ ಕೆಳಗಿಟ್ಟು ನಿಲ್ಲುತ್ತೇನೆ. ಚೆನ್ನಾಗಿ ಬೈದ ದಿನ ಅವಳು ಹೊಟ್ಟೆತುಂಬ ಉಣ್ಣುತ್ತಾಳೆಂದು ಸೊಸೆ ಹೇಳಿದ್ದಾಳೆ. ಅದಕ್ಕೇ ಮುಗಿಯುವ ತನಕ ನಾನು ಅಲ್ಲಿಂದ ಕದಲುವುದಿಲ್ಲ.