ಧಣಿಯನ್ನೂ ಕಾಯಿಸಿದವನು

ಸಿಂಧನೂರಿನ ನಮ್ಮ ಓಣಿಯಲ್ಲಿ ಎದುರುಮನೆಯವರು ಹೊಸ ಕಾರು ತಂದಿದ್ದಾರೆ. ಬೆಳಿಗ್ಗೆ ಚಾಲೂ ಮಾಡಿದವರೇ ಮರುಗಳಿಗೆಗೆ ಆಕ್ಸಿಲರೇಟರ್ ಜೋರಾಗಿ ಒತ್ತಿ ಹೊರಟುಬಿಡುತ್ತಾರೆ. ಅರ್ಧ ಉರಿದ ಪೆಟ್ರೋಲಿನ ಹಸಿ ವಾಸನೆ ಕಿಟಕಿಯಿಂದ ನನ್ನ ಹಾಸಿಗೆಯವರೆಗೂ ಬರುತ್ತದೆ. ಮೊನ್ನೆ ಥಂಡಿ ಬಹಳವಿದ್ದ ದಿನ ಆ ವಾಸನೆ ಮೂಗಿಗೆ ಬಡಿದಾಗ, ಎಷ್ಟೋ ವರ್ಷ ಅದುಮಿಟ್ಟಿದ್ದ ಹೊಟ್ಟೆಕಿಚ್ಚು ಮತ್ತೆ ಮೇಲೆದ್ದಿತು. ಅವನ ನೆನಪಾಯಿತು... ಮಸ್ಕಿಯಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ದೇಸಾಯರ ಡ್ರೈವರ್ ಅಂದರೆ ಸಾಕಾಗಿತ್ತು.

ಅದು ನಿಜಾಮರ ಕಾಲ. ನಾವಿಬ್ಬರೂ ರಾಯಚೂರಿನಲ್ಲಿ ಒಬ್ಬರೇ ಉಸ್ತಾದರ ಕೈಯಲ್ಲಿ ಗಾಡಿ ಕಲಿತವರು. ಅವನು ಲಿಂಗಸುಗೂರಿನ ಹಳೆಯ ದಂಡಿನ ಛಾವಣಿಯ ಸಾಬರ ಪೈಕಿ, ನಾನು ಮಸ್ಕಿಯವನು. ಗ್ಯಾರೇಜಿನ ಹಿಂದೆ ಒಂದೇ ಚಾಪೆಯ ಮೇಲೆ ಮಲಗುತ್ತಿದ್ದೆವು, ಒಂದೇ ಬೀಡಿಯನ್ನು ಇಬ್ಬರು ಸೇದುತ್ತಿದ್ದೆವು. ದೋಸ್ತಿಗೇನೂ ಕಮ್ಮಿ ಇರಲಿಲ್ಲ. ಆದರೆ ಇಂಜಿನ್ ಬಿಚ್ಚುವ ದಿನ ಉಸ್ತಾದರು ಮೊದಲು ಕೂಗುತ್ತಿದ್ದುದು ಅವನನ್ನು. ಮಸ್ಕಿಯಲ್ಲಿ ವಾಡೆ ಕಟ್ಟಿಸಿದ್ದ ದೇಸಾಯರೊಬ್ಬರು ಒಳ್ಳೆಯ ಡ್ರೈವರ್ ಬೇಕೆಂದು ಹೇಳಿಕಳಿಸಿದಾಗಲೂ ಉಸ್ತಾದರು ಅವನ ಬೆನ್ನಿನ ಮೇಲೆ ಕೈ ಇಟ್ಟರು. ನನ್ನ ಊರಿನ ಕೆಲಸ, ನನ್ನ ಕಣ್ಣೆದುರಿಗೇ ಅವನ ಪಾಲಾಯಿತು.

ದೇಸಾಯರು ತರಿಸಿದ್ದು ಎರಡೇ ಸೀಟಿನ ಗಾಡಿ. ಮೇಲೆ ಟಾಪು ಇಲ್ಲ, ಮೈ ಗಿಣಿಹಸಿರು, ಮೂಗು ಉದ್ದ. ಅದು ನಾಲ್ಕು ಜನರನ್ನು ಹೊತ್ತು ಊರೂರು ತಿರುಗುವ ಗಾಡಿಯಲ್ಲ, ಓಡಲೆಂದೇ ಹುಟ್ಟಿದ್ದು. ನನ್ನ ಪಾಲಿಗೆ ಬಂದದ್ದು ಸಾವುಕಾರರೊಬ್ಬರ ಬಸ್ಸು. ಲಿಂಗಸುಗೂರಿನಿಂದ ಮಸ್ಕಿ, ಮಸ್ಕಿಯಿಂದ ಸಿಂಧನೂರು. ಯುದ್ಧದ ದಿನಗಳು, ನಮ್ಮಂಥವರಿಗೆ ಪೆಟ್ರೋಲು ಸಿಗುತ್ತಿರಲಿಲ್ಲ. ಬಸ್ಸಿನ ಬೆನ್ನಿಗೆ ಒಂದು ದೊಡ್ಡ ಡಬ್ಬಿ ಕಟ್ಟಿ, ಅದರಲ್ಲಿ ಇದ್ದಲು ಉರಿಸಿ, ಆ ಗ್ಯಾಸಿನಿಂದ ಓಡಿಸಬೇಕು. ಬೆಂಕಿ ಹಿಡಿದು ಗ್ಯಾಸು ಹುಟ್ಟುವಷ್ಟರಲ್ಲಿ ಹೊತ್ತು ಏರಿರುತ್ತಿತ್ತು. ನನ್ನ ಮುಖ, ಕುತ್ತಿಗೆ, ಉಗುರು ಎಲ್ಲ ಮಸಿ. ದೇಸಾಯರಿಗೆ ಮಾತ್ರ ಎಲ್ಲಿಂದಲೋ ಪೆಟ್ರೋಲಿನ ಡಬ್ಬಿಗಳು ಬರುತ್ತಿದ್ದವು. ಅವರ ಡ್ರೈವರ್ ಇಸ್ತ್ರಿ ಮಾಡಿದ ಖಾಕಿ ಅಂಗಿ ತೊಟ್ಟು ಅದರ ಮುಂದೆ ಕೂರುತ್ತಿದ್ದ.

ಅವನು ಇಂಜಿನ್ ಕಾಯಿಸುವುದನ್ನು ನೋಡಲೆಂದೇ ವಾಡೆಯ ಮುಂದೆ ಜನ ಸೇರುತ್ತಿದ್ದರು. ಚಾಲೂ ಮಾಡಿ, ಒತ್ತದೆ, ಮೆಲ್ಲಗೆ ತಿರುಗಲು ಬಿಡುತ್ತಿದ್ದ. ತಲೆ ಒಂದು ಕಡೆ ವಾಲಿಸಿ ಕಿವಿಗೊಡುತ್ತಿದ್ದ. ಉಸ್ತಾದರು ಇಬ್ಬರಿಗೂ ಕಲಿಸಿದ್ದೇ ಅದು. ಥಂಡಿಯಲ್ಲಿ ಎಣ್ಣೆ ಮಂದವಾಗಿ ತಳ ಹಿಡಿದಿರುತ್ತದೆ, ಬಿಸಿಯಾಗಿ ತೆಳ್ಳಗಾಗಿ ಸಂದುಸಂದಿಗೆ ಹರಿಯುವವರೆಗೂ ಜೋರು ಮಾಡಿದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜಿ ಒಳಗೇ ಸವೆಯುತ್ತದೆ. ಹೊರಟ ಮೇಲೂ ಹಳ್ಳ ದಾಟುವವರೆಗೆ ಅವನು ಎತ್ತಿನ ಬಂಡಿಯಂತೆ ನಡೆಸುತ್ತಿದ್ದ. ಆಮೇಲೆ ಒಮ್ಮೆ ಒತ್ತಿದನೆಂದರೆ, ಎರೆಹೊಲಗಳ ನಡುವಿನ ಸಿಂಧನೂರು ದಾರಿಯಲ್ಲಿ ಧೂಳು ಮಾತ್ರ ಕಾಣುತ್ತಿತ್ತು.

ನನ್ನ ಹೊಟ್ಟೆ ಉರಿಯುತ್ತಿದ್ದುದು ಆ ಓಟಕ್ಕಲ್ಲ. ದೇಸಾಯರು ಪೇಟ ಸುತ್ತಿ, ಬೆತ್ತ ಹಿಡಿದು ಕಟ್ಟೆಯ ಮೇಲೆ ನಿಂತಿರುತ್ತಿದ್ದರು. ಸುತ್ತಲ ಹಳ್ಳಿಗಳು ನಡುಗುತ್ತಿದ್ದ ಮನುಷ್ಯ.

"ಆತೇನಲೇ?" ಎಂದು ಕೇಳುತ್ತಿದ್ದರು.

"ಇನ್ನಾ ಇಲ್ರಿ ಧಣೇರ. ಇನ್ನೊಂಚೂರು ಕಾಯ್ಲಿ" ಅನ್ನುತ್ತಿದ್ದ ಇವನು, ಕೂತಲ್ಲಿಂದ ಏಳದೆ.

ದೇಸಾಯರು ಬೆತ್ತ ಆಡಿಸುತ್ತ ನಿಲ್ಲುತ್ತಿದ್ದರು. ಇಂಜಿನ್ನನ್ನು ಕಾಯಿಸುತ್ತ ಧಣಿಯನ್ನೂ ಕಾಯಿಸುತ್ತಿದ್ದ ಅವನು! ನನ್ನನ್ನು ಸಾವುಕಾರರ ಗುಮಾಸ್ತ ಕೂಡ ಬಾಯಿಗೆ ಬಂದಂತೆ ಬೈಯುತ್ತಿದ್ದ.

ಒಂದು ದಿನ ನನ್ನ ಹೆಂಡತಿಯೂ ಕೊಡ ಹೊತ್ತುಕೊಂಡೇ ಅಲ್ಲಿ ನಿಂತು ನೋಡಿದ್ದಳು. ಮನೆಗೆ ಬಂದು, "ಗಾಡಿ ಓಡ್ಸೋದು ಅಂದ್ರ ಹಂಗ ನೋಡ್ರಿ. ಧಣೇರು ಸುದ್ದಾ ಅವನ ಮಾತು ಮೀರಂಗಿಲ್ಲ" ಎಂದಳು. ಅಂದು ನಾನು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅವಳಿಗೆ ಯಾಕೆಂದು ತಿಳಿಯಲಿಲ್ಲ. ಅಥವಾ ತಿಳಿದಿತ್ತೋ ಏನೋ...

ಮರುವರ್ಷ ಜೋಳ ತೆನೆಗಟ್ಟುವ ಥಂಡಿಯಲ್ಲಿ ಅವಳಿಗೆ ಮೊದಲ ಹೆರಿಗೆ ನೋವು ಬಂತು. ಬೆಳಕು ಹರಿಯುವ ಹೊತ್ತಿಗೆ ಸೂಲಗಿತ್ತಿ ಹೊರಗೆ ಬಂದು ನನ್ನ ತಾಯಿಯ ಕೈ ಹಿಡಿದುಕೊಂಡಳು.

"ಕೂಸು ಅಡ್ಡ ಐತಿ ಎವ್ವಾ. ನನ್ನ ಕೈಲಿ ಆಗಂಗಿಲ್ಲ. ಲಿಂಗಸುಗೂರು ದವಾಖಾನಿಗಿ ಒಯ್ರಿ, ಲಗೂನ ಒಯ್ರಿ."

ನನ್ನ ಬಸ್ಸು ಮನೆಯ ಮುಂದೆಯೇ ನಿಂತಿತ್ತು, ಅದರ ಇದ್ದಲಿನ ಡಬ್ಬಿಯಲ್ಲಿ ಬೂದಿ ಮಾತ್ರ. ಬೆಂಕಿ ಹಾಕಿ ಗ್ಯಾಸು ಬರುವಷ್ಟರಲ್ಲಿ ಅವಳು ಉಳಿಯುವುದಿಲ್ಲ ಅನಿಸಿತು. ವಾಡೆಗೆ ಓಡಿದೆ. ದೇಸಾಯರು ಹೈದರಾಬಾದಿಗೆ ಹೋಗಿದ್ದರು. ಅವನು ಬಾವಿಕಟ್ಟೆಯ ಹತ್ತಿರ ಮುಖ ತೊಳೆಯುತ್ತಿದ್ದ. ಅವನ ಮುಂದೆ ಕೈ ಒಡ್ಡುವುದಕ್ಕಿಂತ ಸಾಯುವುದು ಮೇಲು ಎಂದು ಎಷ್ಟೋ ಸಲ ಅಂದುಕೊಂಡಿದ್ದವನು ನಾನು. ಉಸಿರು ಸಿಕ್ಕದೆ ಎರಡೇ ಮಾತು ಹೇಳಿದೆ. ಅವನು ಏನನ್ನೂ ಕೇಳಲಿಲ್ಲ. ಒದ್ದೆ ಮುಖದಲ್ಲೇ ಗಾಡಿಯ ಮೇಲಿನ ಹೊದಿಕೆ ಎಳೆದು, ಹ್ಯಾಂಡಲ್ ತಿರುವಿದ. ಎರಡನೆಯ ತಿರುವಿಗೆ ಇಂಜಿನ್ ಹಿಡಿಯಿತು.

ಈಗ ಕೂರುತ್ತಾನೆ, ತಲೆ ವಾಲಿಸಿ ಕೇಳುತ್ತಾನೆ, ದೇಸಾಯರನ್ನೇ ನಿಲ್ಲಿಸಿದವನು ನನ್ನನ್ನು ನಿಲ್ಲಿಸದೆ ಬಿಡುತ್ತಾನೆಯೇ ಅಂದುಕೊಂಡೆ. ಹಲ್ಲು ಕಚ್ಚಿ ಕಾದೆ. ಅವನು ಕೂತವನೇ ಗೇರು ಹಾಕಿದ.

ನಮ್ಮ ಬಾಗಿಲಿಗೆ ಬಂದಾಗ ನಾನೇ, "ಇಂಜಿನ್ ಇನ್ನಾ ತಣ್ಣಗ ಐತಲ್ಲೋ!" ಎಂದೆ. ಡ್ರೈವರನ ಬಾಯಿ, ತಡೆಯಲಾಗಲಿಲ್ಲ.

"ನನಗ ಗೊತ್ತಿಲ್ಲೇನು? ನೀ ಬಾಯಿ ಮುಚ್ಚು, ತಂಗೀನ ಎತ್ತಿ ಕುಂದ್ರಸು."

ಹೆಂಡತಿಯನ್ನು ಕೂರಿಸಿದೆ. ತಾಯಿ ಅವಳನ್ನು ಅಪ್ಪಿಕೊಂಡು ಅದೇ ಸೀಟಿನಲ್ಲಿ ತುರುಕಿಕೊಂಡಳು. ನನಗೆ ಜಾಗ ಇರಲಿಲ್ಲ. ಅವನು ಪೂರಾ ಒತ್ತಿದ. ಲಿಂಗಸುಗೂರು ದಾರಿಯ ಕಡೆಯಿಂದ ಆ ಸದ್ದು ಬಹಳ ಹೊತ್ತು ಕೇಳಿಸಿತು. ತಣ್ಣಗಿನ ಇಂಜಿನ್ ಮೈಮುರಿದು ಕಿರುಚುವ ಸದ್ದು. ಆ ದಾರಿಯಲ್ಲಿ ನಿಂತಿದ್ದ ಎಲ್ಲರಲ್ಲಿ ಅದರ ಅರ್ಥ ತಿಳಿದವನು ನಾನೊಬ್ಬನೇ.

ಹೇಳಿದರೆ ಯಾರು ನಂಬುತ್ತಾರೋ... ಆ ಗಳಿಗೆಯಲ್ಲೂ ದೇವರನ್ನು ನೆನೆಯುವ ಮೊದಲು ನನಗೆ ಹೊಳೆದದ್ದು, ನನ್ನ ಹೆಂಡತಿಯನ್ನು ಉಳಿಸಲು ಹೋದವನು ನಾನಲ್ಲ, ಅವನು ಎಂಬುದು.

ನಾನು ಬಸ್ಸು ಹೊರಡಿಸಿಕೊಂಡು ಲಿಂಗಸುಗೂರು ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ದವಾಖಾನೆಯ ಬೇವಿನ ಮರದ ಕೆಳಗೆ ಗಿಣಿಹಸಿರು ಗಾಡಿ ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಅದರ ಗಾಲಿಗೆ ಒರಗಿ ಅವನು ನೆಲದ ಮೇಲೆ ಕೂತಿದ್ದ. ಖಾಕಿ ಅಂಗಿಗೆ ಎಣ್ಣೆ ಮೆತ್ತಿತ್ತು.

"ಹೆಣ್ಣು ಕೂಸು. ಇಬ್ರೂ ಪಾರಾಗ್ಯಾರ" ಎಂದ.

"ಗಾಡಿ?"

"ಹೋತು. ಅರ್ಧ ದಾರಿಯಿಂದ ಒಳಗ ಬಡ್ಯಾಕತ್ತಿತ್ತು. ಈ ಗೇಟ್ ತನಕ ಬಂತಲ್ಲ, ಸಾಕು ಬಿಡು."

"ದೇಸಾಯರು ನಿನ್ನ ಬಿಡಂಗಿಲ್ಲೋ."

"ಕೂಸಿನ ಮಾರಿ ನೋಡಿ ಬಾ ಹೋಗು ಮೊದ್ಲು" ಎಂದು ನನ್ನನ್ನು ಒಳಗೆ ಕಳಿಸಿದ.

ದೇಸಾಯರು ಬಂದರು. ವಾಡೆಯ ಅಂಗಳದಲ್ಲಿ ಊರವರ ಮುಂದೆ ಅವನನ್ನು ನಿಲ್ಲಿಸಿ, ಯಾರನ್ನು ಕೇಳಿ ಗಾಡಿ ಮುಟ್ಟಿದೆ ಎಂದು ಬೆತ್ತ ಎತ್ತಿದರು. ನಾನು ಮುಂದೆ ಹೋಗಿ, "ತಪ್ಪು ನಂದ್ರಿ ಧಣೇರ, ನಾನ ಇವನ್ನ ಕರದಿದ್ದು" ಎಂದೆ. ಅವರು ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅವರ ಸಿಟ್ಟಿಗೂ ಅವನೇ ಬೇಕಾಗಿದ್ದ. ಅಂದೇ ಕೆಲಸದಿಂದ ತೆಗೆದರು.

ಹೋಗುವ ಮುನ್ನ ಅವನು ನಮ್ಮ ಮನೆಗೆ ಬಂದ. ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಸ್ವಲ್ಪ ಹೊತ್ತು ಕೂತ. ಆಮೇಲೆ ನನಗೆ ಹೇಳಿದ, "ಗಾಡಿ ರಿಪೇರಿ ಆದ ಮ್ಯಾಲ ನೀನ ಕುಂದ್ರು. ತಿಳೀದವರ ಕೈಗೆ ಹೋದ್ರ ಕಾಯಿಸದ ಓಡಿಸಿ ಕೊಲ್ತಾರ. ನಿನಗ ಕೆಲಸ ಬರ್ತದ."

ನನಗೆ ಕೆಲಸ ಬರುತ್ತದೆ ಎಂದು ಅವನ ಬಾಯಿಂದ ಕೇಳಿದ್ದು ಅದೊಂದೇ ಸಲ. ಹೈದರಾಬಾದಿಗೆ ಹೋಗುತ್ತೇನೆ ಎಂದ. ನನ್ನ ಹೆಂಡತಿ ಬಾಣಂತಿ ಮೈಯಲ್ಲೇ ಬಾಗಿಲವರೆಗೆ ಬಂದು, ಅವನು ಓಣಿ ತಿರುಗುವವರೆಗೂ ನಿಂತಿದ್ದಳು.

ಬೊಂಬಾಯಿಯಿಂದ ಸಾಮಾನು ಬಂದು ಗಾಡಿ ಎದ್ದು ನಿಲ್ಲುವಷ್ಟರಲ್ಲಿ ಮಳೆಗಾಲ ಮುಗಿದಿತ್ತು. ದೇಸಾಯರು ನನ್ನನ್ನು ಕರೆಸಿದರು. ಖಾಕಿ ಅಂಗಿ ತೊಟ್ಟು ಆ ಸೀಟಿನಲ್ಲಿ ಕೂತೆ. ಉಸ್ತಾದರು ಕಲಿಸಿದಂತೆಯೇ ಕಾಯಿಸಿದೆ. ದೇಸಾಯರು ಕಟ್ಟೆಯ ಮೇಲೆ ನಿಂತು ಕಾದರು. ಎಷ್ಟು ವರ್ಷ ಬಯಸಿದ್ದೆ ಆ ಗಳಿಗೆಯನ್ನು! ಆದರೆ ನೋಡಲು ಬಂದಿದ್ದ ಮುದುಕನೊಬ್ಬ ಪಕ್ಕದವನಿಗೆ, "ಅವನಂಗ ಅಲ್ಲ ಬಿಡಪಾ ಇಂವಾ" ಎಂದದ್ದು ಇಂಜಿನ್ನಿನ ಸದ್ದಿನಲ್ಲೂ ನನ್ನ ಕಿವಿಗೆ ಬಿತ್ತು. ನನ್ನ ಹೆಂಡತಿ ಮಾತ್ರ ಒಂದು ದಿನವೂ ವಾಡೆಯ ಕಡೆ ಬರಲಿಲ್ಲ.

ಅವನ ಸುದ್ದಿ ಮತ್ತೆ ಬರಲಿಲ್ಲ. ಹೈದರಾಬಾದಿನಲ್ಲಿ ನವಾಬರೊಬ್ಬರ ಹತ್ತಿರ ಇದ್ದಾನೆ ಎಂದು ಒಬ್ಬರು ಹೇಳಿದರು. ಆಮೇಲೆ ಗದ್ದಲದ ದಿನಗಳು ಬಂದವು, ನಿಜಾಮರ ರಾಜ್ಯವೇ ಹೋಯಿತು. ಅದರಲ್ಲಿ ಅವನೇನಾದನೋ... ಛಾವಣಿಗೆ ಹೋಗಿ ವಿಚಾರಿಸಿದೆ. ಅವನ ಮನೆ ಬೇರೆಯವರದಾಗಿತ್ತು.

ನನ್ನ ಹೆಂಡತಿ ಬದುಕಿರುವವರೆಗೂ ಅವನ ಮಾತು ತೆಗೆಯುತ್ತಿದ್ದಳು. ಮಗಳಿಗೆ ಜ್ವರ ಬಂದರೆ, ಮಗಳು ಪರೀಕ್ಷೆ ಪಾಸಾದರೆ, "ಆ ಅಣ್ಣ ಇದ್ದಿದ್ರ..." ಎಂದು ಶುರು ಮಾಡುತ್ತಿದ್ದಳು. ನಾನು ಎದ್ದು ಹೊರಗೆ ಹೋಗುತ್ತಿದ್ದೆ. ಐವತ್ತು ವರ್ಷ ಅವಳ ಅನ್ನ ಉಂಡೆ. ಒಂದು ದಿನ, ಒಂದು ದಾರಿ ಅವಳನ್ನು ಕೂರಿಸಿಕೊಂಡು ಹೋದವನಿಗೆ ಇದ್ದ ಜಾಗ ನನಗೆ ಸಿಗಲಿಲ್ಲವಲ್ಲ ಎಂದು ಕುದಿಯುತ್ತಿದ್ದೆ. ಹೋದ ವರ್ಷ ಅವಳೂ ಹೋದಳು. ಈಗ ಮನೆಯಲ್ಲಿ ಅವನ ಮಾತು ಎತ್ತುವವರು ಇಲ್ಲ. ನಾನು ಎದ್ದು ಹೊರಗೆ ಹೋಗುವುದಕ್ಕೆ ಕಾರಣವೂ ಇಲ್ಲ.

ಮೊನ್ನೆ ಮಗಳು ಬಂದಿದ್ದಳು. ತಲೆ ನರೆತ ಹೆಂಗಸು ಈಗ ಅವಳು. ತಾಯಿಯ ಸೀರೆಗಳನ್ನು ಮಡಚಿಡುತ್ತ ಇದ್ದಕ್ಕಿದ್ದಂತೆ ಕೇಳಿದಳು.

"ಅಪ್ಪಾ, ನನ್ನ ಉಳಿಸಿದ ಆ ಡ್ರೈವರ ಮಾಮಾ ನೋಡಾಕ ಹ್ಯಾಂಗಿದ್ದ? ಅವ್ವನ್ನ ಕೇಳಬೇಕಂತ ಮಾಡಿದ್ದೆ, ಆಗ್ಲೇ ಇಲ್ಲ."

ಅವಳು ಕೈಯಲ್ಲಿನ ಸೀರೆ ಬಿಟ್ಟು ನನ್ನನ್ನೇ ನೋಡುತ್ತಿದ್ದಳು.

"ನನಗಿಂತ ಚಂದ ಇದ್ದನವಾ" ಎಂದೆ.